ಕೈಲೆಕ್ಕ ಮೊದಲು, ಸಿಮ್ಯುಲೇಶನ್ ಆಮೇಲೆ: ಪವರ್ ಸಿಸ್ಟಮ್ ಸಂಶೋಧನೆಗೆ ಇಳಿಯುವವರಿಗೆ ಒಂದು ಮಾರ್ಗದರ್ಶಿ

ಒಂದು ಎಂ.ಟೆಕ್ ಪ್ರಾಜೆಕ್ಟ್ ರಿವ್ಯೂನಲ್ಲಿ ಕೂತಿದ್ದೆ. ವಿದ್ಯಾರ್ಥಿನಿಯೊಬ್ಬರು ಇಪ್ಪತ್ತಕ್ಕೂ ಜಾಸ್ತಿ ಗ್ರಾಫ್ ತೋರಿಸಿದರು. ಫಾಲ್ಟ್ (ಲೈನ್ ಶಾರ್ಟ್) ಆದಮೇಲೆ ಜನರೇಟರ್ ಹೇಗೆ ತೂಗಾಡುತ್ತದೆ, ಅದನ್ನು ಕತ್ತರಿಸುವ ಬ್ರೇಕರ್ ತಡವಾದರೆ ಹೇಗೆ ಕೈತಪ್ಪುತ್ತದೆ, ಎಲ್ಲಾ ಚೆನ್ನಾಗಿತ್ತು. ಆಗ ಯಾರೋ ಕೇಳಿದರು: "ಜನರೇಟರಿನ ಜಡತ್ವ ಅರ್ಧಕ್ಕಿಳಿದರೆ ಬ್ರೇಕರ್‌ಗೆ ಎಷ್ಟು ಸಮಯ ಸಿಗುತ್ತೆ ಅಮ್ಮಾ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರನ್ ಮಾಡಿ ನೋಡಬೇಕು ಸರ್" ಅಂದರು.

ಆ ಉತ್ತರ ಒಂದೇ ಸಾಲಿನ ಲೆಕ್ಕದಲ್ಲಿತ್ತು. ಸಮಯ ಅರ್ಧ ಆಗಲ್ಲ, ಸುಮಾರು ನೂರಕ್ಕೆ 71 ಭಾಗ ಉಳಿಯುತ್ತದೆ. ಆ ಹುಡುಗಿಯ ಶ್ರಮದಲ್ಲಿ ಏನೂ ಕಮ್ಮಿ ಇರಲಿಲ್ಲ. ಕಂಪ್ಯೂಟರ್ ಮುಂದೆ ಕೂರುವ ಮೊದಲು ಕಾಗದದ ಮುಂದೆ ಕೂರಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಅವರಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಯಾವುದು ಏನು ಹೇಳುತ್ತದೆ

ಸಿಮ್ಯುಲೇಶನ್ ಅಂದರೆ ಒಂದು ಘಟನೆಯನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡುವುದು. ಇದೇ ಜನರೇಟರ್, ಇದೇ ಲೈನ್, ಇದೇ ಫಾಲ್ಟ್ ಆದರೆ ಏನಾಗುತ್ತದೆ? ಉತ್ತರ ಆ ಒಂದು ಸಂದರ್ಭಕ್ಕೆ ಮಾತ್ರ. ಗಣಿತ ವಿಶ್ಲೇಷಣೆ ಹಾಗಲ್ಲ. ಯಾವುದು ಹೆಚ್ಚಾದರೆ ಯಾವುದು ಕಡಿಮೆಯಾಗುತ್ತದೆ, ಎಲ್ಲಿಯವರೆಗೆ ಸುರಕ್ಷಿತ ಅನ್ನುವುದನ್ನು ಎಲ್ಲಾ ಸಂದರ್ಭಕ್ಕೂ ಸೇರಿಸಿ ಹೇಳುತ್ತದೆ. ಆದರೆ ಅಲ್ಲಿಗೆ ಮುಟ್ಟಲು ವ್ಯವಸ್ಥೆಯನ್ನು ಸರಳ ಮಾಡಿಕೊಳ್ಳಬೇಕು. ಸರಳ ಮಾಡುವಾಗ ಏನನ್ನು ಬಿಟ್ಟೆವು ಅನ್ನುವುದು ನೆನಪಿರಬೇಕು.

ಸಿಮ್ಯುಲೇಶನ್ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. 1929ರಲ್ಲೇ ಅಮೆರಿಕದ ಎಂಐಟಿಯಲ್ಲಿ ಪುಟ್ಟ ಪುಟ್ಟ ರೆಸಿಸ್ಟರ್, ಕಾಯಿಲ್, ಕೆಪಾಸಿಟರ್ ಜೋಡಿಸಿ ಇಡೀ ಗ್ರಿಡ್ಡಿನ ಮರಿಯನ್ನು ಕಟ್ಟಿದ್ದರು. ಅದಕ್ಕೆ ನೆಟ್‌ವರ್ಕ್ ಅನಲೈಸರ್ ಅಂತ ಹೆಸರು. ಅದರ ಮೀಟರ್ ಓದಿ ದೊಡ್ಡ ಗ್ರಿಡ್ಡಿನ ಸ್ಥಿತಿ ತಿಳಿಯುತ್ತಿದ್ದರು. ಅದೇ ಕಾಲದಲ್ಲಿ ಜನರೇಟರಿನ ಸಮೀಕರಣಗಳನ್ನು ಕಾಗದದ ಮೇಲೆ ಬಿಡಿಸುವ ಕೆಲಸವೂ ನಡೆಯುತ್ತಿತ್ತು. ಎರಡೂ ಮೊದಲಿನಿಂದಲೂ ಒಟ್ಟಿಗೇ ಬೆಳೆದವು.

ಹೆಜ್ಜೆ 1: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

"ಗ್ರಿಡ್ ಸ್ಥಿರತೆಯ ಅಧ್ಯಯನ" ಅನ್ನುವುದು ಪ್ರಶ್ನೆಯಲ್ಲ, ಬರೀ ತಲೆಬರಹ. "ಫಾಲ್ಟ್ ಆದಮೇಲೆ ಎಷ್ಟು ಸೆಕೆಂಡಿನೊಳಗೆ ಬ್ರೇಕರ್ ತೆರೆದರೆ ಈ ಜನರೇಟರ್ ಗ್ರಿಡ್ಡಿನ ಜೊತೆ ಉಳಿಯುತ್ತದೆ?" ಇದು ಪ್ರಶ್ನೆ.

ಪ್ರಶ್ನೆಯ ಪಕ್ಕದಲ್ಲಿ ಸಮಯದ ಅಳತೆಯನ್ನೂ ಬರೆದುಕೊಳ್ಳಿ. ಸಿಡಿಲು ಲೈನಿಗೆ ಬಡಿಯುವುದು ಮೈಕ್ರೊಸೆಕೆಂಡಿನ ವಿಷಯ. ಇನ್ವರ್ಟರಿನ ಒಳಗಿನ ಕಂಟ್ರೋಲ್ ಮಿಲಿಸೆಕೆಂಡಿನದು. ಜನರೇಟರ್ ತೂಗಾಡುವುದು ಸೆಕೆಂಡುಗಳಲ್ಲಿ. ಲೋಡ್ ಏರಿಳಿಯುವುದು ಗಂಟೆಗಳಲ್ಲಿ. ಯಾವ ಮಾದರಿ, ಯಾವ ಸಾಫ್ಟ್‌ವೇರ್ ಅನ್ನುವುದನ್ನು ತೀರ್ಮಾನಿಸುವುದು ಈ ಅಳತೆಯೇ. ಲ್ಯಾಬಿನಲ್ಲಿ ಸಿಮ್ಯುಲಿಂಕ್ ಇದೆ, ಬೆಂಗಳೂರಿನಲ್ಲೇ ತಯಾರಾದ ಮೈಪವರ್ ಇದೆ ಅನ್ನುವುದು ಆಮೇಲಿನ ಮಾತು.

ಹೆಜ್ಜೆ 2: ಅತಿ ಚಿಕ್ಕ ಮಾದರಿಯನ್ನು ಕೈಯಲ್ಲೇ ಬಿಡಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಪೆನ್ನು, ಕಾಗದ, ಕ್ಯಾಲ್ಕುಲೇಟರ್ ಹತ್ತಿರ ಇಟ್ಟುಕೊಳ್ಳಿ.

ಒಂದು ಜನರೇಟರ್. ಅದು ಲೈನಿನ ಮೂಲಕ ಬಹಳ ದೊಡ್ಡ ಗ್ರಿಡ್ಡಿಗೆ ಸೇರಿದೆ. ಆ ಗ್ರಿಡ್ ಎಷ್ಟು ದೊಡ್ಡದು ಅಂದರೆ ನಮ್ಮ ಜನರೇಟರ್ ಏನೇ ಮಾಡಿದರೂ ಅದರ ವೋಲ್ಟೇಜ್, ಫ್ರೀಕ್ವೆನ್ಸಿ ಅಲುಗಾಡುವುದಿಲ್ಲ. ಇನ್ಫೈನೈಟ್ ಬಸ್ ಅನ್ನುವುದು ಇದಕ್ಕೇ. ಟರ್ಬೈನ್ ಕೊಡುತ್ತಿರುವ ಪವರ್ 0.8 ಪರ್ ಯೂನಿಟ್ (ಆರಿಸಿಕೊಂಡ ಒಂದು ಎಂವಿಎ ಬೇಸನ್ನು 1 ಅಂತಿಟ್ಟು ಅಳೆದದ್ದು). ಲೈನ್ ಸಾಗಿಸಬಲ್ಲ ಗರಿಷ್ಠ ಪವರ್ 1.6. ಜಡತ್ವದ ಸ್ಥಿರಾಂಕ ಎಚ್ 5 ಸೆಕೆಂಡ್. ಫ್ರೀಕ್ವೆನ್ಸಿ 50 ಹರ್ಟ್ಜ್.

ಹೊರಗೆ ಹೋಗುವ ಪವರ್ ಅಂದರೆ 1.6 ಅನ್ನು ರೋಟರ್ ಕೋನದ (ಜನರೇಟರಿನ ತಿರುಗುವ ಭಾಗ ಗ್ರಿಡ್ಡಿಗಿಂತ ಎಷ್ಟು ಡಿಗ್ರಿ ಮುಂದಿದೆ ಅನ್ನುವುದರ) ಸೈನಿನಿಂದ ಗುಣಿಸಿದ್ದು. ಅದು 0.8 ಆಗಬೇಕಾದರೆ ಸೈನ್ 0.5, ಅಂದರೆ ಕೋನ 30 ಡಿಗ್ರಿ. ಜನರೇಟರ್ ಇಲ್ಲಿ ನೆಮ್ಮದಿಯಾಗಿದೆ.

ಈಗ ಜನರೇಟರಿನ ಬಾಯಲ್ಲೇ ಮೂರೂ ಫೇಸ್ ಸೇರಿ ಶಾರ್ಟ್ ಆಯಿತು ಅಂದುಕೊಳ್ಳಿ. ಹೊರಗೆ ಹೋಗುವ ಪವರ್ ಸೊನ್ನೆ. ಟರ್ಬೈನ್ ಮಾತ್ರ 0.8 ತಳ್ಳುತ್ತಲೇ ಇದೆ. ರೋಟರ್ ವೇಗ ಏರುತ್ತದೆ. ರೋಟರಿನ ಚಲನೆಯನ್ನು ಹೇಳುವ ಸ್ವಿಂಗ್ ಸಮೀಕರಣಕ್ಕೆ ಈ ಅಂಕಿಗಳನ್ನು ಹಾಕಿದರೆ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 1440 ಡಿಗ್ರಿ ಬರುತ್ತದೆ. ಅದು ಬದಲಾಗದ ಸಂಖ್ಯೆ. ಹಾಗಾಗಿ ಫಾಲ್ಟ್ ಇರುವಷ್ಟು ಹೊತ್ತು:

ಕೋನ = 30 + 720 × ಸಮಯ × ಸಮಯ

ಮೇಲಿಂದ ಬಿಟ್ಟ ಕಲ್ಲು ಬೀಳುವ ಲೆಕ್ಕವೇ ಇದು. 0.1 ಸೆಕೆಂಡಿಗೆ 37.2 ಡಿಗ್ರಿ. 0.2 ಸೆಕೆಂಡಿಗೆ 58.8. 0.25 ಸೆಕೆಂಡಿಗೆ ಸರಿಯಾಗಿ 75. ಆ ಕ್ಷಣದಲ್ಲಿ ರೋಟರ್ 51 ಹರ್ಟ್ಜ್ ಲೆಕ್ಕದಲ್ಲಿ ತಿರುಗುತ್ತಿರುತ್ತದೆ.

ಫಾಲ್ಟ್ ಹೋದಮೇಲೆ ಲೈನ್ ಮೊದಲಿನಂತೆಯೇ ಉಳಿದಿದೆ ಅಂತಿಟ್ಟುಕೊಳ್ಳಿ. ಈಗ ಹೊರಗೆ ಹೋಗುವ ಪವರ್ ಟರ್ಬೈನಿಗಿಂತ ಜಾಸ್ತಿ. ರೋಟರಿಗೆ ಬ್ರೇಕ್ ಬೀಳುತ್ತದೆ. ಆದರೆ ಬ್ರೇಕ್ ಸಿಗುವುದು 150 ಡಿಗ್ರಿಯವರೆಗೆ ಮಾತ್ರ. ಅದು ದಾಟಿದರೆ ಹೊರಗೆ ಹೋಗುವ ಪವರ್ ಮತ್ತೆ 0.8ಕ್ಕಿಂತ ಕಡಿಮೆಯಾಗಿ, ರೋಟರ್ ವಾಪಸ್ ಬರುವುದಿಲ್ಲ. ವೇಗ ಏರುವಾಗ ಗಳಿಸಿದ ಶಕ್ತಿಯನ್ನೆಲ್ಲ 150 ಡಿಗ್ರಿ ಮುಟ್ಟುವ ಮೊದಲೇ ಕಳೆದುಕೊಂಡರೆ ಬಚಾವ್. ಎರಡು ವಿಸ್ತೀರ್ಣಗಳು ಸಮ ಆಗಬೇಕು. ಪಠ್ಯದಲ್ಲಿ ಓದಿದ ಈಕ್ವಲ್ ಏರಿಯಾ ಕ್ರೈಟೀರಿಯನ್ ಇದೇ.

ಸಮ ಮಾಡಿ ನೋಡಿದರೆ ಗಡಿಯ ಕೋನದ ಕೊಸೈನ್ 0.1812 ಬರುತ್ತದೆ. ಕೋನ 79.56 ಡಿಗ್ರಿ. ತಾಳೆ ನೋಡಿ: ಗಳಿಸಿದ ವಿಸ್ತೀರ್ಣ 0.692, ಕಳೆದದ್ದೂ 0.692. ಈ ಕೋನವನ್ನು ಮೇಲಿನ ಸೂತ್ರಕ್ಕೆ ಹಾಕಿದರೆ ಸಮಯ 0.262 ಸೆಕೆಂಡ್. 50 ಹರ್ಟ್ಜಿನಲ್ಲಿ ಸುಮಾರು 13 ಸೈಕಲ್. ಬ್ರೇಕರ್ ಅಷ್ಟರೊಳಗೆ ತೆರೆಯಬೇಕು.

ಸೂತ್ರದ ಒಳಗೆ ಇನ್ನೂ ಒಂದು ವಿಷಯ ಅಡಗಿದೆ. ಗಡಿಯ ಕೋನದಲ್ಲಿ ಎಚ್ ಎಲ್ಲೂ ಇಲ್ಲ. ಸಮಯದಲ್ಲಿ ಮಾತ್ರ ಇದೆ, ಅದೂ ವರ್ಗಮೂಲದೊಳಗೆ. ಹಾಗಾಗಿ ಎಚ್ 5ರಿಂದ 2.5ಕ್ಕೆ ಇಳಿದರೆ ಸಮಯ 0.262ರಿಂದ 0.186ಕ್ಕೆ ಇಳಿಯುತ್ತದೆ. ರಿವ್ಯೂನಲ್ಲಿ ಕೇಳಿದ ಪ್ರಶ್ನೆಗೆ ಇದೇ ಉತ್ತರ. ಸಿಮ್ಯುಲೇಶನ್ ಮಾತ್ರ ಮಾಡಿದ್ದರೆ ಎರಡು ಅಂಕಿ ಸಿಗುತ್ತಿದ್ದವು. ಅವುಗಳ ನಡುವೆ ವರ್ಗಮೂಲ ಇದೆ ಅಂತ ಗೊತ್ತಾಗಲು ಇನ್ನೂ ಹತ್ತಾರು ರನ್ ಬೇಕಾಗುತ್ತಿತ್ತು.

ಹೆಜ್ಜೆ 3: ಉತ್ತರವನ್ನು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಡಿ

ರನ್ ಬಟನ್ ಒತ್ತುವ ಮೊದಲು ತಾರೀಖು ಹಾಕಿ ಬರೆಯಿರಿ: "0.25 ಸೆಕೆಂಡಿಗೆ ಬ್ರೇಕರ್ ತೆರೆದರೆ ಉಳಿಯುತ್ತದೆ. 0.27ಕ್ಕೆ ತೆರೆದರೆ ಹೋಗುತ್ತದೆ." ದಯವಿಟ್ಟು ಇದನ್ನು ಬಿಡಬೇಡಿ. ಗ್ರಾಫ್ ಒಮ್ಮೆ ಕಣ್ಣಿಗೆ ಬಿದ್ದರೆ ಮನಸ್ಸು ಅದಕ್ಕೆ ತಕ್ಕ ಕಾರಣವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ತಪ್ಪು ಗ್ರಾಫಿಗೂ ಚೆಂದದ ವಿವರಣೆ ಕೊಟ್ಟವರನ್ನು ನೋಡಿದ್ದೇನೆ. ನಾನೂ ಕೊಟ್ಟಿದ್ದೇನೆ.

ಹೆಜ್ಜೆ 4: ಸಿಮ್ಯುಲೇಶನ್ನಿಗೆ ನಾಲ್ಕು ಪರೀಕ್ಷೆ

ಮೊದಲನೆಯದು, ಏನೂ ಮಾಡದೆ ಓಡಿಸಿ. ಫಾಲ್ಟ್ ಇಲ್ಲ, ಲೋಡ್ ಬದಲಾವಣೆ ಇಲ್ಲ. ಹತ್ತು ಸೆಕೆಂಡ್ ಬಿಡಿ. ಎಲ್ಲಾ ಗೆರೆಗಳೂ ನೇರವಾಗಿರಬೇಕು. ಕೋನ 30ರಲ್ಲೇ ನಿಂತಿರಬೇಕು. ತಾನಾಗಿಯೇ ಜಾರುತ್ತಿದ್ದರೆ ಸ್ಥಿರ ಸ್ಥಿತಿಯ ಲೆಕ್ಕವಾದ ಲೋಡ್ ಫ್ಲೋದಿಂದ ಬಂದ ಆರಂಭದ ಬೆಲೆಗಳು ಸರಿ ಕೂತಿಲ್ಲ ಅಂತ ಅರ್ಥ. ಅದನ್ನು ಸರಿಪಡಿಸದೆ ಮುಂದೆ ಹೋಗಬೇಡಿ.

ಎರಡನೆಯದು ಟೈಮ್ ಸ್ಟೆಪ್. ಬಹಳ ಜನ ಎಡವುವುದು ಇಲ್ಲೇ. ಸಾಫ್ಟ್‌ವೇರ್ ಸಮೀಕರಣವನ್ನು ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಬಿಡಿಸುತ್ತದೆ. ಎಲ್ಲಕ್ಕಿಂತ ಸರಳವಾದ ಆಯ್ಲರ್ ವಿಧಾನದಲ್ಲಿ ನೀವೇ ಕೋಡ್ ಬರೆದು 0.25 ಸೆಕೆಂಡಿನ ಕೋನ ಎಷ್ಟು ಅಂತ ಕೇಳಿ. ಕೈಲೆಕ್ಕದ ಉತ್ತರ 75 ಡಿಗ್ರಿ, ನೆನಪಿರಲಿ.

ಸ್ಟೆಪ್ 0.05 ಸೆಕೆಂಡ್ ಇಟ್ಟರೆ: 66 ಡಿಗ್ರಿ
ಸ್ಟೆಪ್ 0.01 ಸೆಕೆಂಡ್ ಇಟ್ಟರೆ: 73.2 ಡಿಗ್ರಿ
ಸ್ಟೆಪ್ 0.001 ಸೆಕೆಂಡ್ ಇಟ್ಟರೆ: 74.8 ಡಿಗ್ರಿ

ಜನರೇಟರ್ ಅದೇ, ಫಾಲ್ಟ್ ಅದೇ, ಸಮೀಕರಣವೂ ಅದೇ. ಉತ್ತರ ಮಾತ್ರ ಬೇರೆ ಬೇರೆ. 66 ಡಿಗ್ರಿ ಅನ್ನುವುದು ಗ್ರಿಡ್ಡಿನ ಗುಣವಲ್ಲ, ನಿಮ್ಮ ಕೋಡಿನ ಗುಣ. ಅದೂ ಅಪಾಯದಿಂದ ನಿಜಕ್ಕಿಂತ 9 ಡಿಗ್ರಿ ಹೆಚ್ಚು ದೂರ ಇದ್ದೇವೆ ಅಂತ ಸುಳ್ಳು ಧೈರ್ಯ ಕೊಡುತ್ತಿದೆ. ಆಯ್ಲರ್ ಬಿಟ್ಟು ಟ್ರಪಿಜೊಯ್ಡಲ್ ವಿಧಾನ ಹಾಕಿದರೆ ಫಾಲ್ಟಿನ ಈ ಭಾಗದಲ್ಲಿ 0.05 ಸ್ಟೆಪ್ಪಿಗೂ ಸರಿಯಾಗಿ 75 ಬರುತ್ತದೆ. ಯಾಕೆ ಅಂತ ಕಾಗದದ ಮೇಲೆ ಒಮ್ಮೆ ಬಿಡಿಸಿ ನೋಡಿ, ಐದು ನಿಮಿಷದ ಕೆಲಸ. ಯಾವುದೇ ಸಾಫ್ಟ್‌ವೇರ್ ಆಗಲಿ, ಸ್ಟೆಪ್ ಅರ್ಧ ಮಾಡಿ ಮತ್ತೆ ಓಡಿಸಿ. ಉತ್ತರ ಕದಲದಿದ್ದರೆ ಮುಂದೆ ಹೋಗಿ.

ಮೂರನೆಯದು, ಕೋನವನ್ನು ಒಂದೆರಡು ಡಿಗ್ರಿಯಷ್ಟೇ ತಳ್ಳಿ ಬಿಡಿ. ಜನರೇಟರ್ ಉಯ್ಯಾಲೆಯ ಹಾಗೆ ತೂಗುತ್ತದೆ. ಕೈಲೆಕ್ಕದ ಪ್ರಕಾರ ನಮ್ಮ ಜನರೇಟರ್ ಸೆಕೆಂಡಿಗೆ 1.05 ಸಲ ತೂಗಬೇಕು. ಒಂದು ತೂಗಿಗೆ 0.95 ಸೆಕೆಂಡ್. ಗ್ರಾಫಿನಲ್ಲಿ ಅಕ್ಕಪಕ್ಕದ ಎರಡು ಮೇಲ್ತುದಿಗಳ ನಡುವಿನ ದೂರ ಅಳೆಯಿರಿ. ಅದು 0.95ರ ಬದಲು 1.35 ಬಂದರೆ ಎಚ್ ಎಲ್ಲೋ ಎರಡು ಪಟ್ಟಾಗಿದೆ. ಸಾಮಾನ್ಯವಾಗಿ ಇದು ಎಂವಿಎ ಬೇಸ್ ಬದಲಿಸುವಾಗ ಆಗುವ ತಪ್ಪು. ಜೋರಾಗಿ ತಳ್ಳಿದರೆ ತೂಗು ತಾನಾಗಿಯೇ ನಿಧಾನ ಆಗುತ್ತದೆ. ಅದು ತಪ್ಪಲ್ಲ, ಸೈನ್ ವಕ್ರದ ಸ್ವಭಾವ. ಅದಕ್ಕೇ ಒಂದೆರಡು ಡಿಗ್ರಿ ಅಂದಿದ್ದು.

ನಾಲ್ಕನೆಯದು, ಡ್ಯಾಂಪಿಂಗ್ (ತೂಗನ್ನು ತಗ್ಗಿಸುವ ಗುಣ) ಸೊನ್ನೆ ಮಾಡಿ. ಆಗ ತೂಗು ಕಡಿಮೆಯೂ ಆಗಬಾರದು, ಜಾಸ್ತಿಯೂ ಆಗಬಾರದು. ತಾನಾಗಿಯೇ ಸಾಯುತ್ತಿದ್ದರೆ ಲೆಕ್ಕದ ವಿಧಾನವೇ ಡ್ಯಾಂಪಿಂಗ್ ಸೇರಿಸುತ್ತಿದೆ. ಬ್ಯಾಕ್‌ವರ್ಡ್ ಆಯ್ಲರ್ ಹೀಗೆ ಮಾಡುತ್ತದೆ. ತಾನಾಗಿಯೇ ಬೆಳೆಯುತ್ತಿದ್ದರೆ ಮಾಮೂಲಿ ಆಯ್ಲರ್ ಮೇಲೆ ಅನುಮಾನ ಪಡಿ. ಇಲ್ಲದ ಡ್ಯಾಂಪಿಂಗನ್ನು ಕಂಡುಹಿಡಿದೆ ಅಂತ ಬರೆಯುವ ಮೊದಲು ಈ ಪರೀಕ್ಷೆ ಆಗಿರಲೇಬೇಕು.

ಇದೆಲ್ಲ ಆದಮೇಲೆ ಗಡಿ ಸಮಯ ಹುಡುಕಿ. 0.1ಕ್ಕೆ ಉಳಿಯುತ್ತದೆ, 0.5ಕ್ಕೆ ಹೋಗುತ್ತದೆ ಅಂತ ಗೊತ್ತಿದ್ದರೆ ನಡುವಿನ 0.3 ಹಾಕಿ ನೋಡಿ. ಪ್ರತಿ ಸಲ ಅಂತರ ಅರ್ಧ ಆಗುತ್ತದೆ. ಒಂಬತ್ತು ರನ್ನಿಗೆ ಒಂದು ಮಿಲಿಸೆಕೆಂಡಿನೊಳಗೆ ಬರುತ್ತೀರಿ. 0.262 ಸಿಕ್ಕರೆ ನಿಮ್ಮ ಸಿಮ್ಯುಲೇಶನ್ ನಂಬಿಕೆಗೆ ಯೋಗ್ಯ.

ಹೆಜ್ಜೆ 5: ಒಂದೊಂದೇ ವಿವರ ಸೇರಿಸಿ

ಈಗ ಕೈಲೆಕ್ಕ ಮುಟ್ಟದ ಜಾಗಕ್ಕೆ ಹೋಗೋಣ. ನಮ್ಮ ಚಿಕ್ಕ ಮಾದರಿಯಲ್ಲಿ ಜನರೇಟರಿನ ಒಳಗಿನ ವೋಲ್ಟೇಜ್ ಬದಲಾಗುವುದೇ ಇಲ್ಲ. ನಿಜವಾದ ಯಂತ್ರದಲ್ಲಿ ಎವಿಆರ್ (ವೋಲ್ಟೇಜನ್ನು ತಾನಾಗಿಯೇ ಹಿಡಿದಿಡುವ ಸಾಧನ) ಇರುತ್ತದೆ. ವೋಲ್ಟೇಜ್ ಬಿದ್ದ ಕೂಡಲೇ ಅದು ಫೀಲ್ಡ್ ಏರಿಸುತ್ತದೆ. ಅದನ್ನು ಸೇರಿಸಿ ಓಡಿಸಿ. ಫೀಲ್ಡಿಗೆ ಕರೆಂಟ್ ಕೊಡುವ ಎಕ್ಸೈಟರ್ ವೇಗದ್ದಾಗಿದ್ದರೆ ಮೊದಲ ತೂಗಿಗೆ ಸಹಾಯ ಆಗುತ್ತದೆ.

ಆದರೆ ಅಲ್ಲಿಗೇ ನಿಲ್ಲಿಸಬೇಡಿ, ಇಪ್ಪತ್ತು ಸೆಕೆಂಡ್ ಓಡಿಸಿ. ಲೋಡ್ ಜಾಸ್ತಿ ಇದ್ದು ಲೈನ್ ಉದ್ದ ಇದ್ದರೆ ಅದೇ ಎವಿಆರ್ ಡ್ಯಾಂಪಿಂಗನ್ನು ತಿಂದುಹಾಕಬಹುದು. ಮೊದಲ ತೂಗು ದಾಟಿದ ಜನರೇಟರ್ ಎಂಟನೆಯ, ಹತ್ತನೆಯ ತೂಗಿನಲ್ಲಿ ಕೈತಪ್ಪಬಹುದು. ಈಕ್ವಲ್ ಏರಿಯಾಗೆ ಇದು ಕಾಣುವುದೇ ಇಲ್ಲ. ಅದು ನೋಡುವುದು ಮೊದಲ ತೂಗನ್ನು ಮಾತ್ರ. ಹೀಗಾಗುವುದು ಯಾಕೆ ಅಂತ ಬಿಡಿಸಿ ತೋರಿಸಿದ್ದು ಮತ್ತೆ ಗಣಿತವೇ. 1969ರಲ್ಲಿ ಡಿಮೆಲ್ಲೊ ಮತ್ತು ಕಾಂಕಾರ್ಡಿಯಾ ಅನ್ನುವ ಇಬ್ಬರು ಎಂಜಿನಿಯರುಗಳು ಇದೇ ಒಂದು ಜನರೇಟರಿನ ಮಾದರಿ ಹಿಡಿದು ಇದನ್ನು ವಿವರಿಸಿದರು. ಇವತ್ತು ದೊಡ್ಡ ಜನರೇಟರುಗಳಲ್ಲಿ ತೂಗನ್ನು ತಗ್ಗಿಸಲು ಇರುವ ಪವರ್ ಸಿಸ್ಟಮ್ ಸ್ಟೆಬಿಲೈಜರ್ ಹಿಂದೆ ಆ ವಿಶ್ಲೇಷಣೆ ಇದೆ.

ವಿವರಗಳನ್ನು ಒಟ್ಟಿಗೆ ಸುರಿಯಬೇಡಿ. ಎವಿಆರ್ ಸೇರಿಸಿ, ಓಡಿಸಿ, ಬರೆದಿಡಿ. ಆಮೇಲೆ ಟರ್ಬೈನಿನ ವೇಗ ಕಾಯುವ ಗವರ್ನರ್. ಆಮೇಲೆ ಲೋಡಿನ ಮಾದರಿ. ಉತ್ತರ ಯಾವಾಗ ಬದಲಾಯಿತೋ ಅದಕ್ಕೆ ಕಾರಣ ಯಾರು ಅಂತ ಆಗಲೇ ಗೊತ್ತಾಗುತ್ತದೆ.

ಹೆಜ್ಜೆ 6: ದೊಡ್ಡ ಜಾಲಕ್ಕೆ ಹೋದಾಗ ಗಣಿತವನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ

ಸಂಶೋಧಕರು ಬಹಳ ಬಳಸುವ 39 ಬಸ್ಸಿನ (ಬಸ್ ಅಂದರೆ ಲೈನುಗಳು ಸೇರುವ ಜಾಗ) ನ್ಯೂ ಇಂಗ್ಲೆಂಡ್ ಮಾದರಿಯಲ್ಲಿ 10 ಜನರೇಟರ್ ಇವೆ. ಕೈಲೆಕ್ಕ ಸಾಧ್ಯವಿಲ್ಲ, ಇನ್ನು ಬರೀ ಸಿಮ್ಯುಲೇಶನ್ ಅಂತ ಅನಿಸುತ್ತದೆ ಅಲ್ವಾ? ಹಾಗೇನಿಲ್ಲ. ಸಮೀಕರಣಗಳನ್ನು ಒಂದು ಬಿಂದುವಿನ ಸುತ್ತ ಸರಳರೇಖೆಯಾಗಿಸಿ ಐಗನ್‌ವ್ಯಾಲ್ಯೂ ತೆಗೆದರೆ ಆ ಹತ್ತು ಜನರೇಟರುಗಳು ಒಂದರ ವಿರುದ್ಧ ಒಂದು ತೂಗುವ ಒಂಬತ್ತು ಬಗೆಗಳೂ ಒಮ್ಮೆಗೇ ಸಿಗುತ್ತವೆ. ಪ್ರತಿಯೊಂದರ ಫ್ರೀಕ್ವೆನ್ಸಿ, ಡ್ಯಾಂಪಿಂಗ್, ಅದರಲ್ಲಿ ಯಾವ ಜನರೇಟರಿನ ಪಾಲು ಎಷ್ಟು, ಎಲ್ಲಾ. ಲೆಕ್ಕ ಮಾಡುವುದು ಕಂಪ್ಯೂಟರೇ, ಆದರೂ ಇದು ವಿಶ್ಲೇಷಣೆ.

ಸಿಮ್ಯುಲೇಶನ್ನಿನಲ್ಲಿ ಈ ಒಂಬತ್ತೂ ಕಾಣದೇ ಹೋಗಬಹುದು. ವೀಣೆಯ ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಕೆಲವು ಮೇಲಿನ ಸ್ವರಗಳು ಹುಟ್ಟುವುದೇ ಇಲ್ಲ. ಹಾಗೆಯೇ ನೀವು ಫಾಲ್ಟ್ ಹಾಕಿದ ಬಸ್ ಯಾವುದೋ ಒಂದು ತೂಗಿಗೆ ತಟ್ಟದ ಜಾಗದಲ್ಲಿರಬಹುದು. ಡ್ಯಾಂಪಿಂಗ್ ಕೆಟ್ಟಿರುವುದು ಅದೇ ತೂಗಿಗಾದರೆ ನಿಮ್ಮ ಗ್ರಾಫ್ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಮೊದಲು ಐಗನ್‌ವ್ಯಾಲ್ಯೂ ನೋಡಿ, ಬಲಹೀನ ತೂಗು ಯಾವುದು ಅಂತ ಗುರುತಿಸಿ, ಅದನ್ನು ಎಬ್ಬಿಸುವ ಜಾಗದಲ್ಲಿ ಫಾಲ್ಟ್ ಹಾಕಿ ಓಡಿಸಿ. ಸರಳರೇಖೆ ಮಾಡುವಾಗ ಬಿಟ್ಟುಹೋದ ಲಿಮಿಟರುಗಳು, ರಿಲೇಗಳು, ಬ್ರೇಕರುಗಳು ಆಗ ಸಿಮ್ಯುಲೇಶನ್ನಿನಲ್ಲಿ ತಮ್ಮ ಕೆಲಸ ತೋರಿಸುತ್ತವೆ.

ಹೆಜ್ಜೆ 7: ಎರಡೂ ಒಪ್ಪಿದರೂ ಅಳತೆಯನ್ನು ಕೇಳಿ

1996ರ ಆಗಸ್ಟ್ 10ರಂದು ಉತ್ತರ ಅಮೆರಿಕದ ಪಶ್ಚಿಮ ಭಾಗದ ಗ್ರಿಡ್ ನಾಲ್ಕು ತುಂಡಾಯಿತು. ಸುಮಾರು 75 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ರೆಕಾರ್ಡ್ ಆದ ಅಳತೆಯಲ್ಲಿ ಪವರ್ ತೂಗುತ್ತಾ ತೂಗುತ್ತಾ ಬೆಳೆದಿತ್ತು. ಆಮೇಲೆ ಎಂಜಿನಿಯರುಗಳು ಅದೇ ಘಟನೆಯನ್ನು ಆಗ ಬಳಕೆಯಲ್ಲಿದ್ದ ಡೇಟಾ ಹಾಕಿ ಸಿಮ್ಯುಲೇಟ್ ಮಾಡಿದರು. ಗ್ರಾಫಿನಲ್ಲಿ ತೂಗು ಕಡಿಮೆಯಾಗುತ್ತಾ ಶಾಂತವಾಯಿತು! ನಿಜವಾದ ಗ್ರಿಡ್ ಬಿದ್ದಿತ್ತು, ಕಂಪ್ಯೂಟರಿನ ಗ್ರಿಡ್ ನಿಂತಿತ್ತು. ಗಣಿತ ತಪ್ಪಿರಲಿಲ್ಲ. ಗವರ್ನರ್, ಲೋಡ್ ಮುಂತಾದವುಗಳ ಮಾದರಿ ನಿಜದ ಹಾಗೆ ಇರಲಿಲ್ಲ. ಅವನ್ನು ತಿದ್ದಿದ ಮೇಲೆ ಎರಡೂ ತಾಳೆಯಾದವು. ಅಲ್ಲಿ ಜನರೇಟರುಗಳನ್ನು ಪರೀಕ್ಷೆ ಮಾಡಿ ಡೇಟಾ ಕೊಡುವುದು ಆಮೇಲೆ ಕಡ್ಡಾಯವಾಯಿತು. ಆ ಎರಡು ಗ್ರಾಫ್‌ಗಳನ್ನು ಪಕ್ಕಪಕ್ಕದಲ್ಲಿ ಮೊದಲ ಸಲ ನೋಡಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ದಕ್ಷಿಣ ಆಸ್ಟ್ರೇಲಿಯಾದಲ್ಲಿ 2016ರ ಸೆಪ್ಟೆಂಬರ್ 28ರಂದು ಹೀಗೇ ಒಂದು ಪಾಠ ಸಿಕ್ಕಿತು. ಬಿರುಗಾಳಿಗೆ ಲೈನ್ ಟವರುಗಳು ಉರುಳಿದವು. ಎರಡೇ ನಿಮಿಷದಲ್ಲಿ ಆರು ಸಲ ವೋಲ್ಟೇಜ್ ಕುಸಿಯಿತು. ಇಷ್ಟು ಸಲಕ್ಕಿಂತ ಜಾಸ್ತಿ ಕುಸಿದರೆ ಹಿಂದೆ ಸರಿ ಅನ್ನುವ ಸೆಟ್ಟಿಂಗ್ ಹಲವು ಗಾಳಿಯಂತ್ರಗಳ ಒಳಗಿತ್ತು. ಅವು ಒಟ್ಟಿಗೆ 456 ಮೆಗಾವ್ಯಾಟ್ ಇಳಿಸಿದವು, ಇಡೀ ರಾಜ್ಯ ಕತ್ತಲಾಯಿತು. ಆ ಸೆಟ್ಟಿಂಗ್ ಗ್ರಿಡ್ ನಡೆಸುವವರ ಮಾದರಿಯಲ್ಲಿ ಇರಲೇ ಇಲ್ಲ. ಸಮೀಕರಣದಲ್ಲಿ ಇಲ್ಲದ್ದನ್ನು ಕೈಲೆಕ್ಕವೂ ಹೇಳದು, ಸಿಮ್ಯುಲೇಶನ್ನೂ ಹೇಳದು.

ನಮ್ಮ ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವ್ಯಾಟಿನದು. ಅಲ್ಲಿಂದ ಬರುವ ಕರೆಂಟೆಲ್ಲ ಇನ್ವರ್ಟರಿನ ಮೂಲಕವೇ ಬರಬೇಕು. ತಿರುಗುವ ರೋಟರ್ ಇಲ್ಲ, ಅದರ ಎಚ್ ಇಲ್ಲ. ಫಾಲ್ಟ್ ಆದಾಗ ಇನ್ವರ್ಟರ್ ಏನು ಮಾಡುತ್ತದೆ ಅನ್ನುವುದು ಅದರೊಳಗಿನ ಕೋಡಿಗೆ ಬಿಟ್ಟದ್ದು. ಇಂಥದ್ದರ ಮೇಲೆ ಕೆಲಸ ಮಾಡುವವರು ತಯಾರಕರು ಕೊಟ್ಟ ಮಾದರಿಯನ್ನು ಸುಮ್ನೆ ಒಪ್ಪಿಕೊಳ್ಳಬೇಡಿ. ಸಾಧ್ಯವಾದರೆ ಸಬ್‌ಸ್ಟೇಶನ್ನಿನ ರೆಕಾರ್ಡರ್ ಡೇಟಾ ಕೇಳಿ ಪಡೆಯಿರಿ. ಒಂದೇ ಒಂದು ನಿಜವಾದ ಫಾಲ್ಟಿನ ರೆಕಾರ್ಡ್ ಸಿಕ್ಕರೂ ನೂರು ರನ್ನಿಗಿಂತ ಜಾಸ್ತಿ ಕಲಿಸುತ್ತದೆ.

ಹೆಜ್ಜೆ 8: ಥೀಸಿಸ್‌ನಲ್ಲಿ ಹೇಗೆ ಬರೆಯಬೇಕು

ಸಿಮ್ಯುಲೇಶನ್ ಅಧ್ಯಾಯಕ್ಕೆ ಮೊದಲು ಎರಡು ಪುಟದ ಕೈಲೆಕ್ಕ ಇರಲಿ. ಏನೇನನ್ನು ಬಿಟ್ಟು ಸರಳ ಮಾಡಿದಿರಿ ಅಂತ ಬಿಡಿಸಿ ಬರೆಯಿರಿ. ಲೆಕ್ಕದ ವಿಧಾನ, ಟೈಮ್ ಸ್ಟೆಪ್, ಸಾಫ್ಟ್‌ವೇರಿನ ವರ್ಷನ್, ಎಂವಿಎ ಬೇಸ್ ಇವಿಷ್ಟನ್ನೂ ಕೊಡಿ, ಇನ್ನೊಬ್ಬರು ಅದೇ ಗ್ರಾಫ್ ತೆಗೆಯಲು ಆಗಬೇಕು. "ಸಿಮ್ಯುಲೇಶನ್ನಿನಿಂದ ಸಾಬೀತಾಯಿತು" ಅಂತ ಬರೆಯಬೇಡಿ. ಐವತ್ತು ಫಾಲ್ಟ್ ಹಾಕಿ ನೋಡಿದ್ದರೆ "ನೋಡಿದ ಐವತ್ತರಲ್ಲೂ ಸ್ಥಿರವಾಗಿತ್ತು" ಅಂತಲೇ ಬರೆಯಿರಿ. ಸಾಬೀತು ಅನ್ನುವ ಮಾತು ಪ್ರಮೇಯಕ್ಕೆ ಇರಲಿ, ಅದೂ ಅದರ ಷರತ್ತುಗಳ ಜೊತೆಗೆ.

ಕೈಲೆಕ್ಕ 0.262 ಅಂದು, ಎಲ್ಲಾ ವಿವರ ಸೇರಿಸಿದ ಸಿಮ್ಯುಲೇಶನ್ ಬೇರೆ ಅಂಕಿ ಕೊಟ್ಟರೆ ಆ ವ್ಯತ್ಯಾಸವನ್ನು ಮುಚ್ಚಿಡಬೇಡಿ. ಅದಕ್ಕೊಂದು ಪುಟ ಕೊಡಿ. ಎವಿಆರ್‌ನಿಂದ ಎಷ್ಟು, ಲೋಡಿನ ಮಾದರಿಯಿಂದ ಎಷ್ಟು ಅಂತ ಪಾಲು ಹಂಚಿ. ವೈವಾದಲ್ಲಿ ಮೊದಲು ತೆರೆಯುವುದು ಆ ಪುಟವನ್ನೇ, ಅದರ ಉತ್ತರ ಆಗ ನಿಮ್ಮ ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಇರುತ್ತದೆ.